ನೂರು ವಾಟ್ ಬಿಸಿಲು, ಮೂರು ಡಿಗ್ರಿ ರಾತ್ರಿ

ದೆಹಲಿಯ ಕನ್ನಡಿಗರ ಬಾಲ್ಕನಿಯಲ್ಲಿರುವ ಕುಂಡಗಳನ್ನು ನೋಡಿದರೆ ಅವರು ಯಾವ ಸೀಮೆಯವರೆಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಕರಾವಳಿಯವರಾದರೆ ಮಲ್ಲಿಗೆ, ಒಂದೆಲಗ. ಮಲೆನಾಡಿನವರಾದರೆ ವೀಳ್ಯದೆಲೆ, ಕಾಳುಮೆಣಸಿನ ಬಳ್ಳಿ. ಮೈಸೂರು ಕಡೆಯವರಾದರೆ ಕನಕಾಂಬರ, ದೊಡ್ಡಪತ್ರೆ. ಕರಿಬೇವಂತೂ ಎಲ್ಲರ ಮನೆಯಲ್ಲೂ ಇರುತ್ತದೆ. ಉತ್ತರ ಗುರುವಾಯೂರಪ್ಪನ್ ದೇವಸ್ಥಾನ ಇರುವ ನಮ್ಮ ಮಯೂರ್ ವಿಹಾರ್ ಒಂದನೇ ಫೇಸ್‌ನಲ್ಲಿ ದಕ್ಷಿಣದವರು ಬಹಳ ಮಂದಿ. ಹಾಗಾಗಿ ದೀಪಾವಳಿ ಕಳೆದ ಕೂಡಲೇ ಲಿಫ್ಟಿನಲ್ಲಿ, ತರಕಾರಿ ಗಾಡಿಯ ಹತ್ತಿರ ಒಂದೇ ಮಾತು: "ಈ ಸಲ ಗಿಡ ಉಳಿಯುತ್ತಾ?"

ಪ್ರಶ್ನೆ ಸಣ್ಣದಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ದೆಹಲಿಯಲ್ಲಿ ಅದು ಜನವರಿಯ ಸಾಧಾರಣ ರಾತ್ರಿ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 2006ರ ಜನವರಿ 8ರಂದು 0.2 ಡಿಗ್ರಿ, 2021ರ ಹೊಸವರ್ಷದ ಬೆಳಿಗ್ಗೆ 1.1, 2023ರ ಜನವರಿ 16ರಂದು 1.4 ಡಿಗ್ರಿ ದಾಖಲಾಗಿದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣತೆ 4 ಡಿಗ್ರಿಗೆ ಇಳಿದರೆ ಹವಾಮಾನ ಇಲಾಖೆ ಶೀತಗಾಳಿ ಎಂದು ಘೋಷಿಸುತ್ತದೆ. ವೀಳ್ಯದೆಲೆ, ದೊಡ್ಡಪತ್ರೆಗಳಂಥ ಗಿಡಗಳು 10 ಡಿಗ್ರಿಯ ಕೆಳಗೇ ನರಳತೊಡಗುತ್ತವೆ. ಎಲೆ ಮೊದಲು ಜೋತುಬೀಳುತ್ತದೆ, ಆಮೇಲೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗುತ್ತದೆ.

ನನ್ನ ಮಟ್ಟಿಗೆ ಪಣದಲ್ಲಿರುವುದು ಒಂದು ವೀಳ್ಯದೆಲೆಯ ಬಳ್ಳಿ. ಸಾಗರದ ಕಡೆಯ ನಮ್ಮ ಹಿತ್ತಿಲಿನಲ್ಲಿ ಅಮ್ಮ ಹಬ್ಬಿಸಿದ್ದ ಬಳ್ಳಿಯಿಂದ ತಂದ ತುಂಡು ಅದು. ಈಗ ಆ ಮನೆ ಬೇರೆಯವರದು, ಹಿತ್ತಿಲು ಇದ್ದ ಕಡೆ ಕಾಂಕ್ರೀಟು ಬಿದ್ದಿದೆ. ಇದು ಸತ್ತರೆ ಐಎನ್‌ಎ ಮಾರ್ಕೆಟ್ಟಿನಲ್ಲಿ ಎಲೆ ಸಿಗುತ್ತದೆ, ಆ ಬಳ್ಳಿ ಸಿಗುವುದಿಲ್ಲ.

ಇನ್ನು ಸಾಧನ. ನಮ್ಮದು ಬಾಡಿಗೆ ಮನೆ. ಬಾಲ್ಕನಿಯಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಇಲ್ಲ. ಒಳಗಿನಿಂದ ವೈರು ಎಳೆದರೆ ರಾತ್ರಿಯಿಡೀ ಬಾಗಿಲು ಸಂದು ಬಿಟ್ಟುಕೊಂಡೇ ಇರಬೇಕು. ಇರುವುದು ಕಂಬಿಗೆ ಕಟ್ಟಿದ 100 ವಾಟ್‌ನ ಒಂದು ಸೌರಫಲಕ, 12 ವೋಲ್ಟ್‌ನ 40 ಆಂಪಿಯರ್-ಅವರ್ ಬ್ಯಾಟರಿ. ಇಷ್ಟರಲ್ಲಿ ಗಿಡಗಳನ್ನು ಬೆಚ್ಚಗಿಡಬಹುದೇ? ಇಡಬಹುದು. ಆದರೆ ಬಿಸಿಲನ್ನು ಪೂರ್ತಿ ಕರೆಂಟು ಮಾಡಿ, ಆ ಕರೆಂಟನ್ನು ಮತ್ತೆ ಬಿಸಿ ಮಾಡಲು ಹೊರಟರೆ ಆಗುವುದಿಲ್ಲ. ಅದೇಕೆ ಎಂಬುದಕ್ಕೆ ಒಂದಿಷ್ಟು ಲೆಕ್ಕ ಬೇಕು.

ಕರೆಂಟಿನ ಲೆಕ್ಕ

ಡಿಸೆಂಬರ್ 21ರ ಹೊತ್ತಿಗೆ ದೆಹಲಿಯ ಹಗಲು ಸುಮಾರು 10 ಗಂಟೆ 20 ನಿಮಿಷ. ನಡು ಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ 38 ಡಿಗ್ರಿ ಮಾತ್ರ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ ಸುಮಾರು 53 ಡಿಗ್ರಿ. ಹಾಗಾಗಿ ಫಲಕವನ್ನು ಮಲಗಿಸದೆ ಸಾಕಷ್ಟು ನೆಟ್ಟಗೆ ನಿಲ್ಲಿಸಬೇಕು. ಬೆಳಿಗ್ಗೆ ಅದರ ಮೇಲೆ ಇಬ್ಬನಿ, ಧೂಳು, ಹೊಗೆಮಸಿ ಸೇರಿ ಒಂದು ಪದರವೇ ಕೂತಿರುತ್ತದೆ, ಒರೆಸಬೇಕು. ಮೇಲಿನ ಮನೆಯವರು ರಜಾಯಿಯನ್ನು ಬಿಸಿಲಿಗೆ ಇಳಿಬಿಟ್ಟರೆ ಫಲಕದ ಒಂದು ಮೂಲೆಗೆ ಮಾತ್ರ ನೆರಳು ಬಿದ್ದರೂ ಉತ್ಪಾದನೆ ಅರ್ಧಕ್ಕಿಂತ ಕೆಳಗಿಳಿಯಬಹುದು, ಏಕೆಂದರೆ ಒಳಗಿನ ಕೋಶಗಳು ಸರಪಳಿಯಂತೆ ಜೋಡಿಸಿಕೊಂಡಿವೆ.

ಇಷ್ಟೆಲ್ಲ ನೋಡಿಕೊಂಡ ಮೇಲೆ ನನಗೆ ಸಿಗುವುದು ಒಳ್ಳೆಯ ದಿನ ಸುಮಾರು 300 ವಾಟ್-ಅವರ್, ಅಂದರೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮಂಜು ಮುಸುಕಿದ ದಿನ ಅದರ ಆರನೇ ಒಂದು ಪಾಲೂ ಅನುಮಾನ. ಸಾವಿರ ವಾಟ್‌ನ ರೂಮ್ ಹೀಟರ್ ಈ 300ನ್ನು 18 ನಿಮಿಷದಲ್ಲಿ ಮುಗಿಸುತ್ತದೆ. ಬ್ಯಾಟರಿಯಲ್ಲಿ 480 ವಾಟ್-ಅವರ್ ಹಿಡಿಯುತ್ತದೆ ಎಂದು ಬರೆದಿದ್ದರೂ, ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧದಷ್ಟೇ ಬಳಸಬೇಕು. ಅಲ್ಲಿಗೆ ಒಂದು ರಾತ್ರಿಗೆ 240. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಹತ್ತು ಗಂಟೆ ಎಂದರೆ ಸರಾಸರಿ 24 ವಾಟ್. ಒಂದು ಹಳೆಯ ಕಾಲದ ಸಣ್ಣ ಬಲ್ಬು ಉರಿಯುವಷ್ಟು. ಇಷ್ಟರಿಂದ ಇಡೀ ಬಾಲ್ಕನಿ ಬೆಚ್ಚಗಾಗುವುದಿಲ್ಲ.

ಖಾದರ್‌ನವರ ಪಾಠ

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಯಮುನೆಯ ಖಾದರ್ ಇದೆ. ಖಾದರ್ ಎಂದರೆ ನೆರೆ ಬಂದಾಗ ನದಿ ಹರಡಿಕೊಳ್ಳುವ ತಗ್ಗುನೆಲ. ಚಿಲ್ಲಾ ಖಾದರ್ ಎಂಬ ಆ ಭಾಗದಲ್ಲಿ ತರಕಾರಿ ಬೆಳೆಯುವ ಕುಟುಂಬಗಳಿವೆ, ಬಹಳಷ್ಟು ಜನ ಉತ್ತರ ಪ್ರದೇಶದ ಬದಾಯೂಂ ಕಡೆಯವರು. ಗುಡಿಸಲುಗಳಿಗೆ ಕರೆಂಟಿನ ಲೈನಿಲ್ಲ. ಸೂರಿನ ಮೇಲೆ ಸಣ್ಣ ಸೌರಫಲಕ, ಅದರಿಂದ ಒಂದು ದೀಪ, ಮೊಬೈಲ್ ಚಾರ್ಜು. ಸೀಮಿತ ಸೌರವಿದ್ಯುತ್ತು ಎಂದರೆ ಏನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅವರು ಸೋರೆ, ಹೀರೆ, ಕಕಡಿ, ಟಿಂಡಾಗಳನ್ನು ಬಿತ್ತುವುದು ಚಳಿಗಾಲದಲ್ಲೇ. ಏಪ್ರಿಲ್ಲಿನಲ್ಲಿ ಎಲ್ಲರಿಗಿಂತ ಮೊದಲು ಕಾಯಿ ಮಂಡಿಗೆ ಹೋದರೆ ಮಾತ್ರ ಕಾಸು. ಅದಕ್ಕಾಗಿ ಮರಳಿನಲ್ಲಿ ಉದ್ದುದ್ದ ಕಾಲುವೆ ತೋಡಿ, ತಳಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ ಬಿತ್ತುತ್ತಾರೆ. ಕಾಲುವೆಯ ವಾಯವ್ಯ ದಿಕ್ಕಿಗೆ ಸರ್ಕಂಡಾ ಹುಲ್ಲನ್ನು ಸಾಲಾಗಿ ನೆಟ್ಟು ಎಳೆಗಿಡದ ಮೇಲೆ ಬಾಗಿಸುತ್ತಾರೆ. ಸರ್ಕಂಡಾ ಎಂದರೆ ಆಳೆತ್ತರ ಬೆಳೆಯುವ, ನಮ್ಮ ದರ್ಭೆಗಿಂತ ಬಲು ದಪ್ಪನೆಯ ಹುಲ್ಲು. ಚಳಿಗಾಳಿ ಬರುವುದು ವಾಯವ್ಯದಿಂದ, ಬಿಸಿಲು ಬರುವುದು ದಕ್ಷಿಣದಿಂದ. ಹುಲ್ಲಿನ ಗೋಡೆ ಒಂದನ್ನು ತಡೆದು ಇನ್ನೊಂದನ್ನು ಬಿಟ್ಟುಕೊಳ್ಳುತ್ತದೆ. ಹಗಲು ಕಾದ ಮರಳು ರಾತ್ರಿ ಬಿಸಿಯನ್ನು ಹೊರಬಿಡುವಾಗ ಬಾಗಿದ ಹುಲ್ಲು ಅದನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ.

"ಪಾಲಾ ಮೇಲಿಂದ ಬೀಳುತ್ತೆ ಬಾಬೂಜಿ, ಮೇಲೆ ತೆರೆದಿರಬಾರದು ಅಷ್ಟೆ" ಎಂದರು ಅಲ್ಲಿಯ ಒಬ್ಬ ಹಿರಿಯರು. ಪಾಲಾ ಎಂದರೆ ಎಲೆಯ ಮೇಲೆ ಹರಳುಗಟ್ಟುವ ಇಬ್ಬನಿ. ನಮ್ಮ ದಿನಬಳಕೆಯ ಕನ್ನಡದಲ್ಲಿ ಅದಕ್ಕೊಂದು ಮಾತೇ ಇಲ್ಲ, ಬೇಕಾಗಿಲ್ಲದ್ದರಿಂದ. ನಮ್ಮ ಕಡೆ ಗಿಡಕ್ಕೆ ಮುಚ್ಚುವುದು ಬಿಸಿಲಿಗೆ ಅಥವಾ ಮಳೆಗೆ. ಅಡಕೆ ಸಸಿಗೆ ಸೋಗೆ ಮುಚ್ಚುತ್ತೇವೆ, ಕೊಳೆರೋಗ ಬಾರದಿರಲೆಂದು ಕೊನೆಗೆ ಕೊಟ್ಟೆ ಕಟ್ಟುತ್ತೇವೆ.

ಹಿರಿಯರ ಮಾತಿನಲ್ಲಿ ಪೂರ್ತಿ ಭೌತಶಾಸ್ತ್ರವಿದೆ. ಶುಭ್ರ ರಾತ್ರಿಯಲ್ಲಿ ಎಲೆ ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಟ್ಟುಬಿಡುತ್ತದೆ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹವಾಮಾನ ಇಲಾಖೆಯ ಥರ್ಮಾಮೀಟರು ನೆಲದಿಂದ ಮೇಲೆ, ಪೆಟ್ಟಿಗೆಯ ನೆರಳಿನಲ್ಲಿ ಇರುತ್ತದೆ. ಅದು 3 ಡಿಗ್ರಿ ಎಂದಾಗ ಬಯಲಿನಲ್ಲಿರುವ ಎಲೆ ಸೊನ್ನೆ ಮುಟ್ಟಿರಬಹುದು. ಮೇಲೊಂದು ಬಟ್ಟೆ ಇದ್ದರೂ ಸಾಕು, ಎಲೆಗೆ ಕಾಣುವುದು ಆಕಾಶದ ಬದಲು ಬಟ್ಟೆ. ಉತ್ತರದವರು ಚಳಿಗಾಲದಲ್ಲಿ ತುಳಸಿಗೆ ಕೆಂಪು ಚುನ್ನಿ ಹೊದಿಸುವುದು ಭಕ್ತಿಯಿಂದಲೇ ಇರಲಿ, ಅದು ತುಳಸಿಯನ್ನು ಕಾಯುವುದೂ ನಿಜ. ದಟ್ಟ ಮಂಜಿನ ರಾತ್ರಿಯಲ್ಲಿ ಈ ಕೆಲಸವನ್ನು ಮಂಜೇ ಸ್ವಲ್ಪಮಟ್ಟಿಗೆ ಮಾಡುತ್ತದೆ. ಆಗ ರಾತ್ರಿಯ ಉಷ್ಣತೆ ಅಷ್ಟು ಕೆಳಗಿಳಿಯುವುದಿಲ್ಲ, ಹಗಲಿನದು ಮೇಲೇಳುವುದೂ ಇಲ್ಲ.

ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೈತರಿಗೆ ಹೇಳಿಕೊಡುವ ಪ್ಲಾಸ್ಟಿಕ್ ಗೂಡಿನ ಬೇಸಾಯವೂ ಇದೇ ದಾರಿಯದು. ಸಾಲಿನ ಮೇಲೆ ಕಂಬಿ ಬಾಗಿಸಿ ಪಾಲಿಥೀನ್ ಹೊದಿಸಿದರೆ ಬಳ್ಳಿ ತರಕಾರಿ ತಿಂಗಳಿಗೂ ಮುಂಚೆ ಕೈಗೆ ಬರುತ್ತದೆ. ಇನ್ನೂ ಮೇಲೆ ಲಡಾಖಿಗೆ ಹೋದರೆ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಹೀಟರಿಲ್ಲದೆ ಸೊಪ್ಪು ಬೆಳೆಯುವ ಹಸಿರುಮನೆಗಳಿವೆ. ದಕ್ಷಿಣಕ್ಕೆ ಪಾಲಿಥೀನ್, ಉಳಿದ ಕಡೆ ದಪ್ಪ ಮಣ್ಣಿನ ಗೋಡೆ, ಬಿಸಿಲು ಹೀರಲೆಂದು ಒಳಗೋಡೆಗೆ ಕಪ್ಪು ಬಣ್ಣ. ಉತ್ತರ ಚೀನಾದ ರೈತರು ಇಂಥದೇ ಮನೆಗಳ ಮೇಲೆ ಸಂಜೆ ಹುಲ್ಲಿನ ಚಾಪೆ ಇಳಿಬಿಟ್ಟು ಬೆಳಿಗ್ಗೆ ಸುತ್ತಿಡುತ್ತಾರೆ. ಹುಲ್ಲಾಗಲಿ, ಮಣ್ಣಾಗಲಿ, ಇವರೆಲ್ಲ ಬಿಸಿಲನ್ನು ಬಿಸಿಯಾಗಿಯೇ ಹಿಡಿದು, ಬಿಸಿಯಾಗಿಯೇ ಕೂಡಿಟ್ಟು, ರಾತ್ರಿ ಬಿಡುತ್ತಾರೆ.

ಇಪ್ಪತ್ತು ಲೀಟರ್ ನೀರು

ಮೂರನೇ ಮಹಡಿಯಲ್ಲಿ ಮಣ್ಣಿನ ಗೋಡೆ ಕಟ್ಟಲಾಗದು. ನಾನು ನೀರನ್ನು ಬಳಸುತ್ತೇನೆ. ಒಂದು ಲೀಟರ್ ನೀರು ಒಂದು ಡಿಗ್ರಿ ತಣಿದರೆ ಸುಮಾರು 1.16 ವಾಟ್-ಅವರ್ ಬಿಸಿ ಬಿಡುತ್ತದೆ. ಇಪ್ಪತ್ತು ಲೀಟರ್ ನೀರು 26 ಡಿಗ್ರಿಯಿಂದ 11ಕ್ಕೆ ಇಳಿದರೆ ಸುಮಾರು 350. ಇದನ್ನು ನನ್ನ ಫಲಕದ ಇಡೀ ದಿನದ ದುಡಿಮೆಯಾದ 300ರ ಪಕ್ಕದಲ್ಲಿಟ್ಟು ನೋಡಿ. ಕಪ್ಪು ಬಣ್ಣ ಬಳಿದ ಎರಡು ಲೀಟರಿನ ಹತ್ತು ಹಳೆಯ ಕೋಲಾ ಬಾಟಲಿಗಳು ಫಲಕ, ಬ್ಯಾಟರಿ ಎರಡನ್ನೂ ಮೀರಿಸುತ್ತವೆ.

ಆದರೆ ಬಿಡುವ ಬಿಸಿ ಗಾಳಿಗೆ ಹೋಗಬಾರದು. ಅದಕ್ಕೊಂದು ಪೆಟ್ಟಿಗೆ ಬೇಕು. ನನ್ನದು 60 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 90 ಎತ್ತರ. ಬರೀ ಪಾಲಿಥೀನಿನಿಂದ ಮಾಡಿದರೆ ಒಳಗಿನ ಉಷ್ಣತೆಯನ್ನು ಹೊರಗಿಗಿಂತ ಐದು ಡಿಗ್ರಿ ಹೆಚ್ಚು ಇಡಲು ಸುಮಾರು 85 ವಾಟ್ ಬೇಕು. ಒಂದಿಂಚು ದಪ್ಪದ ಥರ್ಮೋಕೋಲಿನಿಂದ ಮಾಡಿದರೆ 15 ವಾಟ್ ಸಾಕು. ಹಾಗಾಗಿ ತಳ, ಮೇಲ್ಭಾಗ, ಹಿಂದೆ, ಎಡಬಲಗಳಿಗೆ ಥರ್ಮೋಕೋಲ್. ದಕ್ಷಿಣದ ಮುಖಕ್ಕೆ ಹಗಲು ಪಾಲಿಥೀನ್ ಮಾತ್ರ, ಸಂಜೆ ಅದರ ಮೇಲೂ ಥರ್ಮೋಕೋಲಿನ ಹಲಗೆ. ಮೀನಿನ ಅಂಗಡಿಯಲ್ಲಿ ಎಸೆಯುವ ಡಬ್ಬಿಗಳನ್ನು ತೊಳೆದು ಕತ್ತರಿಸಿ ಅಂಟಿಸಿದರೂ ಆಗುತ್ತದೆ. ದಕ್ಷಿಣಕ್ಕೆ ತೆರೆದ ಬಾಲ್ಕನಿಯಾದರೆ ತಗ್ಗಿನಲ್ಲಿ ಸಾಗುವ ಚಳಿಗಾಲದ ಸೂರ್ಯ ಒಳಗಿನವರೆಗೂ ಬಿಸಿಲು ಚೆಲ್ಲುತ್ತಾನೆ. ಬಾಟಲಿಗಳನ್ನು ಪೆಟ್ಟಿಗೆಯ ಹಿಂಗೋಡೆಗೆ ಸಾಲಾಗಿ ನಿಲ್ಲಿಸಿ ಮುಂದೆ ಕುಂಡ ಇಟ್ಟರೆ ಆಯಿತು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಬಿಸಿಲಿದ್ದ ಒಂದು ಜನವರಿ ದಿನದ ಲೆಕ್ಕ ಹೀಗಿದೆ: ಮಧ್ಯಾಹ್ನ ಮೂರಕ್ಕೆ ಬಾಟಲಿಯ ನೀರು 26 ಡಿಗ್ರಿ. ಬೆಳಿಗ್ಗೆ ಆರಕ್ಕೆ ಕಂಬಿಯ ಹತ್ತಿರದ ಗಾಳಿ 4, ಬಾಟಲಿ 11, ಪೆಟ್ಟಿಗೆಯೊಳಗಿನ ಗಾಳಿ 10. ಬ್ಯಾಟರಿ ಮುಟ್ಟಿಯೇ ಇರಲಿಲ್ಲ.

ಬ್ಯಾಟರಿ ಯಾವಾಗ

ಬಿಸಿಲು ಬಾರದ ದಿನಕ್ಕೆ ಬ್ಯಾಟರಿ. 12 ವೋಲ್ಟ್‌ನ 21 ವಾಟ್ ಬಲ್ಬು, ಕಾರಿನ ಬ್ರೇಕ್ ದೀಪಕ್ಕೆ ಹಾಕುವಂಥದ್ದು, ಕಾಶ್ಮೀರಿ ಗೇಟಿನ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಬೆಳಕಿಗಿಂತ ಬಿಸಿಯನ್ನೇ ಹೆಚ್ಚು ಕೊಡುವ ಈ ತಂತಿ ಬಲ್ಬು ಇಲ್ಲಿ ನಮಗೆ ಬೇಕಾದದ್ದು. ಎಲ್‌ಇಡಿ ಹಾಕಿದರೆ ಬೆಳಕು ಸಿಗುತ್ತದೆ, ಬಿಸಿ ಅಷ್ಟಕ್ಕಷ್ಟೆ. ಇನ್ವರ್ಟರ್ ಬೇಡ. ಅದು ಸುಮ್ಮನೆ ಕೂತೇ ಒಂದಷ್ಟು ಕರೆಂಟು ತಿನ್ನುತ್ತದೆ. ಬ್ಯಾಟರಿಯಿಂದ ನೇರ ತಂತಿ, ನಡುವೆ 3 ಆಂಪಿಯರ್ ಫ್ಯೂಸು, 12 ವೋಲ್ಟ್‌ನ ಸಣ್ಣ ಥರ್ಮೋಸ್ಟಾಟು. ಒಳಗೆ 8 ಡಿಗ್ರಿ ಆದರೆ ಹೊತ್ತಿಕೊಳ್ಳುವಂತೆ, 10 ಆದರೆ ಆರುವಂತೆ. ಮಂಜಿನ ರಾತ್ರಿಗಳಲ್ಲಿ ಹೊರಗೇ ಏಳೆಂಟು ಡಿಗ್ರಿ ಇರುವುದರಿಂದ ಬಲ್ಬು ಹೊತ್ತಿರುವುದು ಸ್ವಲ್ಪ ಹೊತ್ತು. ಆಗ ಎರಡು ಮೂರು ರಾತ್ರಿಗೆ ಬ್ಯಾಟರಿ ಸಾಕಾಗುತ್ತದೆ.

ಎಚ್ಚರಿಕೆಗಳೂ ಇವೆ. ತಂತಿ ಬಲ್ಬು ಸುಡುತ್ತದೆ, ಥರ್ಮೋಕೋಲ್ ಕರಗುತ್ತದೆ, ಹೊತ್ತಿಕೊಳ್ಳುತ್ತದೆ. ಬಲ್ಬನ್ನು ತೂತು ಹೊಡೆದ ತಗಡಿನ ಡಬ್ಬಿಯೊಳಗೆ, ಇಟ್ಟಿಗೆಯ ಮೇಲೆ, ಸುತ್ತ ಒಂದು ಗೇಣು ಜಾಗ ಬಿಟ್ಟು ಇಡಬೇಕು. ಸೀಸದ ಬ್ಯಾಟರಿ ಅನಿಲ ಬಿಡುವುದರಿಂದ ಅದು ಪೆಟ್ಟಿಗೆಯ ಹೊರಗಿರಬೇಕು. ಮೂರನೇ ದಿನವೂ ಸೂರ್ಯ ಕಾಣದಿದ್ದರೆ ನಾಲ್ಕು ಲೀಟರ್ ನೀರನ್ನು ಒಲೆಯ ಮೇಲೆ 50 ಡಿಗ್ರಿಯಷ್ಟು ಬೆಚ್ಚಗೆ ಮಾಡಿ ಸ್ಟೀಲಿನ ಪಾತ್ರೆಯಲ್ಲಿ ಮುಚ್ಚಿ ಒಳಗಿಡಿ. ಅದು 10 ಡಿಗ್ರಿಗೆ ಇಳಿಯುವ ಹೊತ್ತಿಗೆ 185 ವಾಟ್-ಅವರ್ ಕೊಟ್ಟಿರುತ್ತದೆ. ಹ್ಯಾಂಡ್‌ಪಂಪ್ ಹತ್ತಿರವಿದ್ದರೆ ಇನ್ನೂ ಸುಲಭ. ನೆಲದಡಿಯ ನೀರು ವರ್ಷದ ಸರಾಸರಿ ಉಷ್ಣತೆಯ ಆಸುಪಾಸು ಇರುತ್ತದೆ, ದೆಹಲಿಯಲ್ಲಿ ಸುಮಾರು 25 ಡಿಗ್ರಿ. ಪಾಲಾ ಬೀಳುವ ಸಂಜೆ ರೈತರು ಹೊಲಕ್ಕೆ ಕೊಳವೆಬಾವಿಯ ನೀರು ಹಾಯಿಸುವುದರ ಹಿಂದೆ ಈ ಲೆಕ್ಕವೂ ಇದೆ.

ಊರಿನ ಕಡೆ ಮಾಡುವಂತೆ ತರಗೆಲೆ ಸುಟ್ಟು ಹೊಗೆ ಹಾಕೋಣ ಎಂದರೆ ಇಲ್ಲಿ ನಡೆಯದು. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿದೆ. ನಗರದ ಗಾಳಿ ನೋಡಿದರೆ ದಂಡವಿಲ್ಲದಿದ್ದರೂ ಮಾಡಬಾರದು. ಮುಚ್ಚಿದ ಬಾಲ್ಕನಿಯಲ್ಲಿ ಇದ್ದಿಲಿನ ಅಂಗೀಠಿ ಇಡುವ ಯೋಚನೆಯಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಯಾರು ಒಳಗೆ, ಯಾರು ಹೊರಗೆ

ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಜಾಗವಿಲ್ಲ. ವೀಳ್ಯದೆಲೆ, ದೊಡ್ಡಪತ್ರೆ, ಕಾಳುಮೆಣಸಿನ ಸಣ್ಣ ಬಳ್ಳಿ ಒಳಗೆ. ಉದ್ದ ಹಬ್ಬಿದ ಬಳ್ಳಿಯನ್ನು ನವೆಂಬರಿನಲ್ಲೇ ಕತ್ತರಿಸಿ, ನಾಲ್ಕು ಗೆಣ್ಣಿನ ತುಂಡುಗಳನ್ನು ಬೇರೆ ಕುಂಡಗಳಲ್ಲಿ ನೆಟ್ಟು ಅವನ್ನು ಮಾತ್ರ ಒಳಗಿಡುತ್ತೇನೆ. ಒಂದು ತುಂಡು ನೆರೆಮನೆಗೂ ಹೋಗುತ್ತದೆ, ಅದು ನನ್ನ ವಿಮೆ.

ಕರಿಬೇವು ಹೊರಗೆ, ಗೋಡೆಗೆ ಒತ್ತಿ. ಚಳಿಗೆ ಅದು ಎಲೆ ಉದುರಿಸಿ ಬೋಳಾಗುತ್ತದೆ. ಸತ್ತಿತೆಂದು ಕಿತ್ತೆಸೆಯಬೇಡಿ. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಮಾರ್ಚಿನಲ್ಲಿ ಚಿಗುರುತ್ತದೆ. ಮಲ್ಲಿಗೆಯೂ ಹಾಗೆಯೇ, ನಿದ್ದೆ ಮಾಡುತ್ತದೆ. ತುಳಸಿಗೆ ರಾತ್ರಿ ಹಳೆಯ ಹತ್ತಿ ಸೀರೆ ಹೊದಿಸಿ ಬೆಳಿಗ್ಗೆ ತೆಗೆಯುತ್ತೇನೆ, ಕದಿರಿನ ಬೀಜವನ್ನೂ ತೆಗೆದಿಡುತ್ತೇನೆ. ಪ್ಲಾಸ್ಟಿಕ್ ಹೊದಿಸುವುದಾದರೆ ಎಲೆಗೆ ತಾಗಬಾರದು, ತಾಗಿದ ಕಡೆಯೇ ಮೊದಲು ಕಪ್ಪಾಗುತ್ತದೆ. ಟೆರೇಸಿನ ಕುಂಡಗಳನ್ನು ಸೂರಿನ ಕೆಳಗೆ ತಂದರೆ ಅರ್ಧ ಕೆಲಸ ಮುಗಿಯಿತು. ನೀರು ಕಡಿಮೆ ಮಾಡಿ, ಅದೂ ಬೆಳಿಗ್ಗೆ ಬಿಸಿಲೇರಿದ ಮೇಲೆ ಹಾಕಿ. ಚಳಿಗಾಲದಲ್ಲಿ ಬೇರು ಕೊಳೆತು ಸಾಯುವ ಗಿಡಗಳೂ ಬೇಕಾದಷ್ಟಿವೆ. ಈ ತಿಂಗಳುಗಳಲ್ಲಿ ಗಿಡ ಬೆಳೆಯಬೇಕಾಗಿಲ್ಲ, ಉಳಿದರೆ ಸಾಕು. ಅದಕ್ಕೇ 10 ಡಿಗ್ರಿ ಸಾಕು ಎನ್ನುವುದು, 25 ಅಲ್ಲ.

ಖಾದರ್‌ನ ರೈತರಿಗೆ ಇಂಥ ಆಯ್ಕೆಯೂ ಕಷ್ಟವೇ. ಯಮುನೆಯ ಕೊಳಕು ನೀರಿನ ಕಾರಣಕ್ಕೆ ನದೀಬಯಲಿನಲ್ಲಿ ತಿನ್ನುವ ಬೆಳೆ ಬೆಳೆಯಬಾರದೆಂದು ಅದೇ ಹಸಿರು ನ್ಯಾಯಮಂಡಳಿ 2015ರ ಜನವರಿಯಲ್ಲಿ ಹೇಳಿತು. 2023ರ ಜುಲೈ 13ರಂದು ಯಮುನೆ 208.66 ಮೀಟರಿನ ದಾಖಲೆ ಮಟ್ಟಕ್ಕೆ ಏರಿದಾಗ ಖಾದರ್‌ನ ಕುಟುಂಬಗಳು ಮಯೂರ್ ವಿಹಾರದ ರಸ್ತೆಬದಿಯಲ್ಲಿ ಟಾರ್ಪಾಲಿನ ಕೆಳಗೆ ದಿನ ಕಳೆದವು. ನೀರು ಇಳಿದ ಮೇಲೆ ಬಂದ ಚಳಿಗಾಲದಲ್ಲಿ ನಾನು ಹೋದಾಗ ಮತ್ತೆ ಕಾಲುವೆ ತೋಡಿ ಸರ್ಕಂಡಾ ನೆಡುತ್ತಿದ್ದರು. ಅವರು ಅಲ್ಲಿ ಎಷ್ಟು ವರ್ಷ ಇರುತ್ತಾರೋ ಹೇಳುವುದು ಕಷ್ಟ. ಹುಲ್ಲನ್ನು ಯಾವ ದಿಕ್ಕಿಗೆ, ಎಷ್ಟು ಬಾಗಿಸಬೇಕೆಂಬ ತಿಳಿವಳಿಕೆ ಪುಸ್ತಕದಲ್ಲಿ ಒಂದು ಸಾಲು, ಅವರ ಕೈಯಲ್ಲಿ ಪೂರ್ತಿ. ಈ ಚಳಿಗಾಲದಲ್ಲಿ ಮಯೂರ್ ವಿಹಾರದ ಕಡೆ ಬಂದವರು ಒಮ್ಮೆ ಕೆಳಗಿಳಿದು ನೋಡಿಕೊಂಡು ಹೋಗಿ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುವುದು ನಮ್ಮ ಮಾತಾದರೂ ದೆಹಲಿಗೂ ಸರಿಯಾಗಿ ಒಪ್ಪುತ್ತದೆ. ಡಿಸೆಂಬರ್ ಮಧ್ಯದಿಂದ ಅಲ್ಲಿಯವರೆಗೆ ಸುಮಾರು ಎರಡೂವರೆ ತಿಂಗಳು. ಅದರಲ್ಲಿ ನಿಜಕ್ಕೂ ಗಿಡ ಕೊಲ್ಲುವ ರಾತ್ರಿಗಳು ಬೆರಳೆಣಿಕೆಯಷ್ಟು. ಬ್ಯಾಟರಿಯನ್ನು ಆ ರಾತ್ರಿಗಳಿಗೆ ಎತ್ತಿಡಿ, ಉಳಿದವನ್ನು ನೀರು, ಗೋಡೆ, ಹಳೆಯ ಸೀರೆ ನೋಡಿಕೊಳ್ಳುತ್ತವೆ. ಬಳ್ಳಿಯ ತುಂಡು ಬೇಕಾದವರು ಮಾರ್ಚಿನಲ್ಲಿ ಕೇಳಿ, ಅದಕ್ಕೆ ಮೊದಲು ಕತ್ತರಿಸುವುದಿಲ್ಲ.